ಬಿಳಿಯಾಗುವ ಕ್ರೀಮು, ಸೋರುವ ಕಿಡ್ನಿ: ನಕಲಿ ಸಾಮಾನು ನಮ್ಮ ಮನೆಗೆ ಬರುವ ದಾರಿ

*ಆರೋಗ್ಯ ಮಾಲಿಕೆ – ಕೊಚ್ಚಿ ಮತ್ತು ತಿರುವನಂತಪುರದ ಕನ್ನಡ ಕುಟುಂಬಗಳಿಗಾಗಿ*



ಈ ಸಲ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಎದ್ದು ಹೋಗಿ, ನಿಮ್ಮ ಮನೆಯಲ್ಲಿ ಯಾರಾದರೂ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯನ್ನು ತನ್ನಿ. ಅದರ ಮೇಲೆ ತಯಾರಿಸಿದವರ ಹೆಸರು, ಪೂರ್ತಿ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಈ ನಾಲ್ಕೂ ಇವೆಯೇ ನೋಡಿ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇವತ್ತು ಆ ಕ್ರೀಮನ್ನು ಹಚ್ಚಬೇಡಿ. ಮೊದಲು ಇದನ್ನು ಕೊನೆಯವರೆಗೆ ಓದಿ.

*ಕೋಟ್ಟಕ್ಕಲ್‌ನಲ್ಲಿ ಏನಾಯಿತು?*

ನಾವಿರುವ ಕೇರಳದ್ದೇ ಸುದ್ದಿ ಇದು. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿರುವ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಕಿಡ್ನಿ ವಿಭಾಗಕ್ಕೆ ಒಂದೇ ಬಗೆಯ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಕಾಲು ಊದಿಕೊಂಡಿದೆ, ಸುಸ್ತು, ಮೂತ್ರದಲ್ಲಿ ವಿಪರೀತ ನೊರೆ. ಇವರಿಗೆ ಬಂದಿದ್ದ ಕಾಯಿಲೆಯ ಹೆಸರು ಮೆಂಬ್ರೇನಸ್ ನೆಫ್ರೋಪತಿ. ಅಂದರೆ ಕಿಡ್ನಿಯೊಳಗಿನ ಸಣ್ಣ ಸೋಸುವ ಪದರ ಹಾಳಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವ ರೋಗ.

2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಅಲ್ಲಿ ಇಂಥ 22 ಜನ ರೋಗಿಗಳ ಪರೀಕ್ಷೆ ನಡೆಯಿತು. ಅವರಲ್ಲಿ 15 ಜನರ ಕಿಡ್ನಿಯಲ್ಲಿ ನೆಲ್-1 ಎಂಬ, ಅಪರೂಪಕ್ಕೆ ಕಾಣುವ ಬಗೆಯ ಗುರುತು ಸಿಕ್ಕಿತು. ವೈದ್ಯರಾದ ಡಾ. ಸಜೀಶ್ ಶಿವದಾಸ್ ಮತ್ತು ಡಾ. ರಂಜಿತ್ ನಾರಾಯಣನ್ ಅವರು ಕಾರಣ ಹುಡುಕಿದರು. ಆ 15 ಜನರಲ್ಲಿ 13 ಮಂದಿ ಕಾಯಿಲೆ ಕಾಣಿಸಿಕೊಳ್ಳುವ ಮೊದಲು ಮುಖ ಬಿಳಿಯಾಗಿಸುವ ಕ್ರೀಮು ಹಚ್ಚುತ್ತಿದ್ದರು. ಉಳಿದ ಇಬ್ಬರಲ್ಲಿ ಒಬ್ಬರು ನಾಟಿ ಔಷಧಿ ತೆಗೆದುಕೊಂಡಿದ್ದರು. ಈ ಅಧ್ಯಯನ 2024ರಲ್ಲಿ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಒಬ್ಬ ರೋಗಿಗೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಷ್ಟು ತೊಂದರೆಯಾಯಿತು. ಆದರೆ ಸಮಾಧಾನದ ವಿಷಯವೂ ಇದೆ. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಗುಣವಾದರು. ಹಾಗಾಗಿ ಈ ಲೇಖನ ಹೆದರಿಸುವುದಕ್ಕಲ್ಲ. ಬೇಗ ತಿಳಿದರೆ ಕಿಡ್ನಿ ಉಳಿಯುತ್ತದೆ ಎಂದು ಹೇಳುವುದಕ್ಕೆ.

ಮಹಾರಾಷ್ಟ್ರದ ಅಕೋಲಾದಲ್ಲೂ ಇದೇ ಕಥೆ. ಅಲ್ಲಿ ಒಂದೇ ಮನೆಯ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಕಿಡ್ನಿ ತೊಂದರೆಯಾಯಿತು. ಮೂವರೂ ಸ್ಥಳೀಯವಾಗಿ ಕೊಂಡ ಒಂದೇ ಕ್ರೀಮು ಬಳಸುತ್ತಿದ್ದರು. ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಮಿತಿಮೀರಿದ ಪಾದರಸ ಇತ್ತು. ಅಮ್ಮನ ಡಬ್ಬಿಯಿಂದಲೇ ಮಗಳು ಹಚ್ಚಿಕೊಳ್ಳುವುದು, ಅಕ್ಕ ತಂದದ್ದನ್ನು ತಂಗಿ ಬಳಸುವುದು ನಮ್ಮಲ್ಲಿ ಮಾಮೂಲು. ಅದಕ್ಕೇ ಒಂದು ಡಬ್ಬಿ ಇಡೀ ಮನೆಯನ್ನು ಮಲಗಿಸಬಲ್ಲದು.

*ಪಾದರಸ ಮಾಡುವ ಕೆಲಸ*

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದು ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸ ಆ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಕೆಲವೇ ದಿನಗಳಲ್ಲಿ ಮುಖ ಬೆಳ್ಳಗಾದಂತೆ ಕಾಣುತ್ತದೆ. ಪಕ್ಕದ ಮನೆಯವರು "ಏನ್ರೀ, ಯಾವ ಕ್ರೀಮು?" ಎಂದು ಕೇಳುತ್ತಾರೆ. ಇನ್ನೊಂದು ಡಬ್ಬಿ ಮಾರಾಟವಾಗುತ್ತದೆ.

ಆದರೆ ಪಾದರಸ ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಇಳಿದು ಕಿಡ್ನಿಯಲ್ಲಿ ಸೇರಿಕೊಳ್ಳುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಸೋಸುವ ಘಟಕಗಳಿವೆ. ತೊಂದರೆ ಅಲ್ಲಿ ಶುರುವಾಗುತ್ತದೆ. ನರಗಳಿಗೂ ಪೆಟ್ಟು ಬೀಳಬಹುದು: ಕೈಕಾಲು ಜೋಮು ಹಿಡಿಯುವುದು, ನಡುಕ, ನಿದ್ದೆ ಬಾರದಿರುವುದು, ಕಾರಣವಿಲ್ಲದ ಸಿಡಿಮಿಡಿ. ಕ್ರೀಮಿನಿಂದ ಆವಿಯಾಗಿ ಹೋಗುವ ಪಾದರಸವನ್ನು ಮನೆಯಲ್ಲಿರುವ ಉಳಿದವರೂ ಉಸಿರಾಡುತ್ತಾರೆ. ಒಂದೇ ಟವೆಲ್, ಒಂದೇ ದಿಂಬು ಬಳಸಿದರೂ ಅಂಟುತ್ತದೆ. ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಮಲಗುವ ಮಗುವಿಗೆ, ಹೊಟ್ಟೆಯಲ್ಲಿರುವ ಶಿಶುವಿಗೆ ಅಪಾಯ ಇನ್ನೂ ಹೆಚ್ಚು.

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಕ್ರೀಮಿಗೆ ಪಾದರಸ ಬೆರೆಸುವಂತೆಯೇ ಇಲ್ಲ. ಗೊತ್ತಿಲ್ಲದೆ ಸೇರಿಕೊಂಡರೂ 10 ಲಕ್ಷ ಭಾಗದಲ್ಲಿ 1 ಭಾಗವನ್ನು ಮೀರಬಾರದು. ಕಣ್ಣಿಗೆ ಹಚ್ಚುವ ವಸ್ತುಗಳಿಗೆ ಮಾತ್ರ ಮಿತಿ ಬೇರೆ, 70 ಭಾಗ.

ಈಗ ಇದನ್ನು ನೋಡಿ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ದಾಳಿ ಶುರು ಮಾಡಿತು. ಲೈಸೆನ್ಸ್ ಇಲ್ಲದ, ಸರಿಯಾದ ಲೇಬಲ್ ಇಲ್ಲದ ಸೌಂದರ್ಯವರ್ಧಕಗಳನ್ನು ಅಂಗಡಿಗಳಲ್ಲಿ ಹುಡುಕಿ ವಶಪಡಿಸಿಕೊಂಡಿತು. ವಶವಾದ ಲಿಪ್‌ಸ್ಟಿಕ್, ಫೇಸ್ ಕ್ರೀಮುಗಳ ಮಾದರಿಗಳಲ್ಲಿ ಅನುಮತಿ ಇರುವುದಕ್ಕಿಂತ 12,000 ಪಟ್ಟುವರೆಗೆ ಪಾದರಸ ಸಿಕ್ಕಿದೆ ಎಂದು ಆರೋಗ್ಯ ಸಚಿವೆ ವೀಣಾ ಜಾರ್ಜ್ 2025ರಲ್ಲಿ ತಿಳಿಸಿದರು.

*ನಕಲಿ ಎಂದರೆ ಯಾವುದು?*

ಮೂರು ಬಗೆಯ ಮೋಸಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಬಿಡಿಸಿ ನೋಡಿದರೆ ಎಚ್ಚರ ವಹಿಸುವುದು ಸುಲಭ.

1. ಹೆಸರು ಕದ್ದದ್ದು. ಪ್ರಸಿದ್ಧ ಕಂಪನಿಯ ಡಬ್ಬಿ, ಬಣ್ಣ, ಅಕ್ಷರ ಎಲ್ಲ ಹಾಗೆಯೇ. ಒಳಗಿನ ಸರಕು ಬೇರೆ. ಅಂಗಡಿಯವರು ಇದಕ್ಕೆ 'ಫಸ್ಟ್ ಕಾಪಿ', 'ಮಾಸ್ಟರ್ ಕಾಪಿ' ಎಂದು ಮರ್ಯಾದೆಯ ಹೆಸರಿಟ್ಟಿದ್ದಾರೆ.

2. ಹೆಸರನ್ನು ಹೋಲುವುದು. ಒಂದಕ್ಷರ ಮಾತ್ರ ಹೆಚ್ಚುಕಡಿಮೆ. ಅವಸರದಲ್ಲಿ ಗೊತ್ತಾಗುವುದಿಲ್ಲ.

3. ಹೆಸರೇ ಇಲ್ಲದ್ದು. ತಯಾರಕರು ಯಾರು, ಎಲ್ಲಿಂದ ಬಂತು, ಏನು ಹಾಕಿದ್ದಾರೆ ಎಂಬುದು ಯಾರಿಗೂ ಗೊತ್ತಿಲ್ಲ. 'ಗಲ್ಫ್ ಮಾಲು', 'ವಿದೇಶಿ ಕ್ರೀಮು' ಎನ್ನುವ ಮಾತೇ ಇದರ ಗ್ಯಾರಂಟಿ.

*ತೆಂಗಿನೆಣ್ಣೆಯ ಕಥೆ*

ಕೇರಳಕ್ಕೆ ಬಂದ ಮೇಲೆ ನಮ್ಮ ಅಡುಗೆಗೂ ತಲೆಗೂ ತೆಂಗಿನೆಣ್ಣೆಯೇ. ಕೇರಾಫೆಡ್ ಎಂಬ ಸಹಕಾರಿ ಸಂಸ್ಥೆಯ 'ಕೇರ' ಎಣ್ಣೆ ಇಲ್ಲಿ ಮನೆಮಾತು. ಅದಕ್ಕೇ 'ಕೇರ' ಎಂಬ ಪದವನ್ನು ಹಿಂದೆಯೋ ಮುಂದೆಯೋ ಸೇರಿಸಿಕೊಂಡ ಹೆಸರುಗಳು ಪೇಟೆಯಲ್ಲಿ ಹುಟ್ಟಿಕೊಂಡವು. ಕೇರಳದ ಆಹಾರ ಸುರಕ್ಷತಾ ಇಲಾಖೆ 2018ರ ಮಧ್ಯದಲ್ಲಿ ಒಂದೇ ಆದೇಶದಲ್ಲಿ 45 ತೆಂಗಿನೆಣ್ಣೆ ಬ್ರ್ಯಾಂಡ್‌ಗಳನ್ನು ನಿಷೇಧಿಸಿತು. ಅದೇ ವರ್ಷದ ಕೊನೆಗೆ ಇನ್ನೂ 74 ಬ್ರ್ಯಾಂಡ್‌ಗಳಿಗೆ ನಿಷೇಧ ಬಿತ್ತು. ಅಗ್ಗದ ಬೇರೆ ಎಣ್ಣೆಗಳನ್ನು ಬೆರೆಸಿ ತೆಂಗಿನೆಣ್ಣೆ ಎಂದು ಮಾರುತ್ತಿದ್ದುದೇ ದೂರು.

2025ರಲ್ಲಿ ತೆಂಗಿನೆಣ್ಣೆಯ ಬೆಲೆ ಲೀಟರಿಗೆ 400 ರೂಪಾಯಿ ದಾಟಿದಾಗ ಮತ್ತೆ ಅದೇ ಆಟ. ಓಣಂ ಮುಂಚಿನ ದಾಳಿಗಳಲ್ಲಿ ಸಾವಿರಾರು ಲೀಟರ್ ಎಣ್ಣೆಯನ್ನು ಇಲಾಖೆ ವಶಪಡಿಸಿಕೊಂಡಿತು. ಬೆಲೆ ಏರಿದಾಗಲೆಲ್ಲ ನಕಲಿಗೆ ಸುಗ್ಗಿ. ಇದನ್ನು ನೆನಪಿಡಿ.

ಮಲಯಾಳಂ ಓದಲು ಬಾರದ ನಮಗೆ ಇನ್ನೊಂದು ತೊಂದರೆ ಇದೆ. 'ವೆಳಿಚ್ಚೆಣ್ಣ' ಎಂದರೆ ತೆಂಗಿನೆಣ್ಣೆ. 'ವಿಳಕ್ಕೆಣ್ಣ' ಎಂದರೆ ದೀಪಕ್ಕೆ ಹಾಕುವ ಎಣ್ಣೆ. ಒಂದೇ ಶೆಲ್ಫಿನಲ್ಲಿ, ಒಂದೇ ತರಹದ ಬಾಟಲಿಯಲ್ಲಿ ಇರಬಹುದು. ದೀಪದ ಎಣ್ಣೆ ತಿನ್ನುವುದಕ್ಕಲ್ಲ. ಬೆಲೆ ಕಡಿಮೆ ಎಂದು ಎತ್ತಿಕೊಳ್ಳುವ ಮೊದಲು ಬಾಟಲಿಯ ಮೇಲೆ ಎಫ್.ಎಸ್.ಎಸ್.ಎ.ಐ. ಗುರುತು ಮತ್ತು 14 ಅಂಕೆಗಳ ಲೈಸೆನ್ಸ್ ನಂಬರ್ ಇದೆಯೇ ನೋಡಿ. ಗೊತ್ತಾಗದಿದ್ದರೆ ಪಕ್ಕದಲ್ಲಿರುವ ಚೇಚಿಯನ್ನೋ ಚೇಟ್ಟನನ್ನೋ ಕೇಳಿ. ಸಂತೋಷದಿಂದ ಓದಿ ಹೇಳುತ್ತಾರೆ.

ಫ್ರಿಜ್ಜಿನಲ್ಲಿಟ್ಟು ನೋಡುವ ಪರೀಕ್ಷೆಯ ಬಗ್ಗೆ ಒಂದು ಮಾತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ನಿಜ. ಮೇಲೆ ನೀರುನೀರಾಗಿ ಬೇರೆ ಪದರ ನಿಂತರೆ ಸಂಶಯ ಪಡಬೇಕು. ಆದರೆ ಪಾಮ್ ಕರ್ನಲ್ ಎಣ್ಣೆಯೂ ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಗಟ್ಟಿಯಾಯಿತು ಎಂದ ಮಾತ್ರಕ್ಕೆ ಶುದ್ಧ ಎಂದು ತೀರ್ಮಾನಿಸಬೇಡಿ.

*ನಕಲಿ ಏಕೆ ಹುಟ್ಟುತ್ತದೆ?*

ಲಾಭ ದೊಡ್ಡದು, ಸಿಕ್ಕಿಬೀಳುವ ಭಯ ಸಣ್ಣದು. ಮೊದಲ ಕಾರಣ ಇದೇ. ನಿಜವಾದ ಕಂಪನಿ ಕಚ್ಚಾ ಸರಕು, ಪರೀಕ್ಷೆ, ತೆರಿಗೆ, ಜಾಹೀರಾತಿಗೆ ಹಣ ಹಾಕಬೇಕು. ನಕಲಿಯವನಿಗೆ ಡಬ್ಬಿ ಮುದ್ರಿಸಿದರೆ ಸಾಕು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದ ದೇಶಗಳ ನಡುವಿನ ನಕಲಿ ವ್ಯಾಪಾರ ಸುಮಾರು 467 ಶತಕೋಟಿ ಡಾಲರ್. ಇದು ಇಡೀ ಜಗತ್ತಿನ ಆಮದಿನ ಶೇಕಡಾ 2.3.

ಎರಡನೆಯ ಕಾರಣ ನಮ್ಮ ಚೌಕಾಸಿ. "ಅಲ್ಲಿ 600, ಇಲ್ಲಿ ಬರೀ 150" ಎಂದಾಗ ನಮಗೆ ಲಾಭವಾಯಿತು ಎನಿಸುತ್ತದೆ. ಅಷ್ಟು ಕಡಿಮೆಗೆ ಹೇಗೆ ಕೊಡುತ್ತಾನೆ ಎಂಬ ಪ್ರಶ್ನೆ ಬರುವುದಿಲ್ಲ. ಎರ್ನಾಕುಳಂ ಬ್ರಾಡ್‌ವೇ, ತಿರುವನಂತಪುರದ ಚಾಲ ಬಜಾರಿನಂಥ ದೊಡ್ಡ ಪೇಟೆಗಳಲ್ಲಿ ಒಳ್ಳೆಯ ವ್ಯಾಪಾರಿಗಳು ಬೇಕಾದಷ್ಟು ಜನ ಇದ್ದಾರೆ. ಪೇಟೆಯನ್ನು ದೂರುವುದು ಬೇಡ. ಬಿಲ್ ಕೊಡದ ವ್ಯಾಪಾರವನ್ನು ದೂರವಿಡೋಣ.

ಮೂರನೆಯದು ನಾವು ಪರಊರಿನವರು ಎಂಬುದು. ಊರಿನಲ್ಲಾದರೆ ಅಪ್ಪನ ಕಾಲದಿಂದ ಗೊತ್ತಿರುವ ಅಂಗಡಿ ಇರುತ್ತದೆ. ಇಲ್ಲಿ ಇನ್ಫೋಪಾರ್ಕಿಗೋ ಟೆಕ್ನೋಪಾರ್ಕಿಗೋ ಕೆಲಸಕ್ಕೆ ಬಂದವರು, ಹೋಟೆಲು ನಡೆಸುವವರು, ವರ್ಗವಾಗಿ ಬಂದವರು. ಯಾವ ಅಂಗಡಿ ನಂಬಬಹುದು ಎಂದು ತಿಳಿಯುವುದಕ್ಕೇ ವರ್ಷ ಬೇಕು. ಅಷ್ಟರೊಳಗೆ ಯಾರೋ ಗುಂಪಿನಲ್ಲಿ ಕಳಿಸಿದ ಫೋಟೊ ನೋಡಿ ಆರ್ಡರ್ ಮಾಡಿರುತ್ತೇವೆ.

ನಾಲ್ಕನೆಯ ಕಾರಣವನ್ನು ಹೇಳಲು ಸಂಕೋಚ, ಆದರೂ ಹೇಳಲೇಬೇಕು. ಬಿಳಿಯಾಗುವ ಕ್ರೀಮನ್ನು ಹುಡುಗಿಯ ಕೈಗೆ ಕೊಡುವುದು ಅಂಗಡಿಯವನಿಗಿಂತ ಮೊದಲು ನಾವೇ. "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಬಣ್ಣ ಸ್ವಲ್ಪ ಕಮ್ಮಿ" ಎಂದು ಮದುವೆ ಮನೆಯಲ್ಲಿ ಹೇಳಿಬಿಡುತ್ತೇವೆ. ನಮಗೆ ಮರೆತುಹೋಗುತ್ತದೆ, ಅವಳಿಗೆ ಮರೆಯುವುದಿಲ್ಲ. ಅವಳು ರಾತ್ರಿ ಬಾಗಿಲು ಹಾಕಿಕೊಂಡು ಹಚ್ಚುವ ಕ್ರೀಮಿನ ಹಿಂದೆ ನಮ್ಮ ಮಾತಿದೆ. ಈಗ ಗಂಡುಮಕ್ಕಳೂ ಹಚ್ಚುತ್ತಿದ್ದಾರೆ. ಮನೆಯಲ್ಲಿ ಬಣ್ಣದ ಮಾತು ನಿಂತರೆ ಅರ್ಧ ಕ್ರೀಮು ತಾನಾಗಿ ಮಾಯವಾಗುತ್ತದೆ.

*ಕ್ರೀಮು, ಎಣ್ಣೆ ಮಾತ್ರವಲ್ಲ*

ಔಷಧಿ: ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಇಲ್ಲವೇ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಔಷಧ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಫೋನಿನಲ್ಲಿ ಸ್ಕ್ಯಾನ್ ಮಾಡಿ, ಬ್ಯಾಚ್ ನಂಬರ್ ಪಟ್ಟಿಯ ಮೇಲಿರುವುದಕ್ಕೆ ಹೊಂದುತ್ತದೆಯೇ ನೋಡಿ.

ಆಟಿಕೆ: 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಮಗು ಬಾಯಿಗಿಡುವ ಬಣ್ಣದ ಆಟಿಕೆಯಲ್ಲಿ ಸೀಸ ಇದ್ದರೆ ಬುದ್ಧಿ ಬೆಳವಣಿಗೆಗೇ ತೊಂದರೆ.

ಚಾರ್ಜರ್, ಹೆಲ್ಮೆಟ್: ನಕಲಿ ಚಾರ್ಜರಿನಲ್ಲಿ ಮನೆಯ ಕರೆಂಟನ್ನು ಫೋನಿನಿಂದ ಬೇರೆ ಇಡುವ ರಕ್ಷಣೆ ಸರಿಯಾಗಿರುವುದಿಲ್ಲ. ಶಾಕ್ ಹೊಡೆಯಬಹುದು, ಬೆಂಕಿ ಹತ್ತಬಹುದು. ನಕಲಿ ಹೆಲ್ಮೆಟ್ ಪೊಲೀಸರಿಂದ ಉಳಿಸಬಹುದು, ರಸ್ತೆಯಿಂದ ಉಳಿಸುವುದಿಲ್ಲ. 'ಬಿಐಎಸ್ ಕೇರ್' ಎಂಬ ಸರ್ಕಾರಿ ಆ್ಯಪ್ ಹಾಕಿಕೊಂಡು, ವಸ್ತುವಿನ ಮೇಲಿರುವ ಲೈಸೆನ್ಸ್ ನಂಬರನ್ನು ಹೊಡೆದರೆ ಅದು ನಿಜವೇ ಎಂದು ಅಲ್ಲೇ ಗೊತ್ತಾಗುತ್ತದೆ. ಚಿನ್ನದ ಎಚ್.ಯು.ಐ.ಡಿ. ಕೂಡ ಅದರಲ್ಲೇ ನೋಡಬಹುದು.

*ಕೊಳ್ಳುವಾಗ ಇಷ್ಟು ಮಾಡಿ*

✅ ಬಿಲ್ ಕೇಳಿ. ಮಲಯಾಳಂ ಬಾರದಿದ್ದರೂ ಎರಡು ಮಾತು ಸಾಕು: "ಬಿಲ್ಲು ವೇಣಂ" (ಬಿಲ್ ಬೇಕು). "ಲೈಸೆನ್ಸ್ ನಂಬರ್ ಎವಿಡೆಯಾಣ್?" (ಲೈಸೆನ್ಸ್ ನಂಬರ್ ಎಲ್ಲಿದೆ?). ತಡವರಿಸಿದರೆ "ವೇಂಡ" ಎಂದು ಹೇಳಿ ಹೊರಡಿ.

✅ ವಿದೇಶಿ ಕ್ರೀಮಾದರೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ನೋಂದಣಿ ನಂಬರ್ ಇರಲೇಬೇಕು.

✅ ಲೇಬಲ್ಲಿನಲ್ಲಿ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಎಂಬ ಪದಗಳಿದ್ದರೆ ಅದು ಪಾದರಸವೇ. "ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ" ಎಂದು ಬರೆದಿದ್ದರೂ ಸಂಶಯ ಪಡಿ. ಏನೂ ಬರೆಯದೆಯೂ ಬೆರೆಸಿರಬಹುದು.

✅ ಏಳು ದಿನದಲ್ಲಿ ಬಿಳಿ ಮಾಡುತ್ತೇವೆ ಎನ್ನುವುದನ್ನು ಮುಟ್ಟಬೇಡಿ. ಬ್ಯೂಟಿ ಪಾರ್ಲರಿನಲ್ಲಿ ಹೆಸರಿಲ್ಲದ ಡಬ್ಬಿಯಿಂದ ತೆಗೆದು ಹಚ್ಚಲು ಬಂದರೆ ಡಬ್ಬಿ ತೋರಿಸಿ ಎನ್ನಿ. ಅದು ನಿಮ್ಮ ಹಕ್ಕು.

✅ ಖಾಲಿಯಾದ ಸೆಂಟು, ಶಾಂಪೂ, ಕ್ರೀಮಿನ ಒಳ್ಳೆಯ ಡಬ್ಬಿಗಳನ್ನು ಹಾಗೇ ಗುಜರಿಗೆ ಹಾಕಬೇಡಿ. ಲೇಬಲ್ ಕಿತ್ತು, ಡಬ್ಬಿಗೆ ತೂತು ಮಾಡಿ ಹಾಕಿ. ಅದೇ ಡಬ್ಬಿ ತುಂಬಿಕೊಂಡು ಮತ್ತೆ ಅಂಗಡಿಗೆ ಬರಬಾರದು.

*ಈಗಾಗಲೇ ಬಳಸಿದ್ದರೆ?*

ಮೊದಲು ನಿಲ್ಲಿಸಿ. ಡಬ್ಬಿಯನ್ನು ಸುಡಬೇಡಿ, ಸಿಂಕಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅದು ನಿಮ್ಮ ಸಾಕ್ಷಿ. ಹಚ್ಚಿದ ಕೈ, ಬಳಸಿದ ಟವೆಲ್, ದಿಂಬಿನ ಕವರು ತೊಳೆಯಿರಿ.

ಈ ಲಕ್ಷಣಗಳಿದ್ದರೆ ತಡಮಾಡಬೇಡಿ: ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಸಂಜೆ ಪಾದದಲ್ಲಿ ಊತ, ಮೂತ್ರದಲ್ಲಿ ಬೇಗ ಹೋಗದ ನೊರೆ, ಕಾರಣವಿಲ್ಲದೆ ಏರುವ ತೂಕ, ಸುಸ್ತು. ಲಕ್ಷಣ ಇಲ್ಲದಿದ್ದರೂ ತಿಂಗಳುಗಟ್ಟಲೆ ಹಚ್ಚಿದ್ದರೆ ಮೂತ್ರದ ಸಾಮಾನ್ಯ ಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿಸಿ. ಖರ್ಚು ಕಡಿಮೆ, ಯಾವ ಲ್ಯಾಬಿನಲ್ಲೂ ಆಗುತ್ತದೆ. ಪ್ರೋಟೀನ್ ಕಂಡರೆ ಕಿಡ್ನಿ ತಜ್ಞರ ಬಳಿ ಹೋಗಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಡಾಕ್ಟರು ಕೇಳದಿದ್ದರೂ "ಈ ಕ್ರೀಮು ಹಚ್ಚುತ್ತಿದ್ದೆ" ಎಂದು ನೀವಾಗಿ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಡಾಕ್ಟರು ಬೇರೆಲ್ಲೋ ಕಾರಣ ಹುಡುಕುತ್ತಿರುತ್ತಾರೆ. ಊತಕ್ಕೆ ಎಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ.

ಮನೆಯಲ್ಲಿ ಮಗಳೋ ಸೊಸೆಯೋ ಹಚ್ಚುತ್ತಿದ್ದಳು ಎಂದು ಈಗ ಗೊತ್ತಾದರೆ ಬೈಯಬೇಡಿ. ಬೈದರೆ ಡಬ್ಬಿ ಬಚ್ಚಿಡುತ್ತಾಳೆ, ಅಷ್ಟೇ.

*ದೂರು ಎಲ್ಲಿ ಕೊಡಬೇಕು?*

📞 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915. ಕನ್ನಡದಲ್ಲೇ ಮಾತಾಡಬಹುದು.
📞 ಕೇರಳ ಆಹಾರ ಸುರಕ್ಷತಾ ಇಲಾಖೆ: 1800 425 1125.
📞 ಕೇರಳ ಔಷಧ ನಿಯಂತ್ರಣ ಇಲಾಖೆ (ಕ್ರೀಮು, ಔಷಧಿ): 1800 425 3182.

ಕೊಂಡವರೇ ಮಾದರಿಯನ್ನು ಸರ್ಕಾರಿ ಪರೀಕ್ಷೆಗೆ ಕೊಡುವ ಹಕ್ಕೂ ಇದೆ. ಔಷಧಿ ಮತ್ತು ಸೌಂದರ್ಯವರ್ಧಕಗಳಿಗೆ 1940ರ ಕಾಯ್ದೆಯ 26ನೇ ಕಲಮು, ಆಹಾರಕ್ಕೆ 2006ರ ಕಾಯ್ದೆಯ 40ನೇ ಕಲಮು. ನಿಗದಿಯಾದ ಶುಲ್ಕ ಕಟ್ಟಿದರೆ ವರದಿ ಕೊಡುತ್ತಾರೆ.

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಕಲಿ ಮಾರಿ ತೀವ್ರ ಹಾನಿ ಮಾಡಿದವರಿಗೆ 7 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಸಾವು ಸಂಭವಿಸಿದರೆ ಜೀವಾವಧಿವರೆಗೂ ಶಿಕ್ಷೆಯಾಗಬಹುದು. ನಮಗೆ ಅನುಕೂಲದ ಸಂಗತಿ ಎಂದರೆ ವಸ್ತುವನ್ನು ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ತರಿಸಿದ್ದರೂ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಆದರೆ ಬಿಲ್ ಬೇಕು. ಅದಕ್ಕೇ ಮತ್ತೆ ಮತ್ತೆ ಬಿಲ್, ಬಿಲ್ ಎನ್ನುತ್ತಿರುವುದು.

*ಕೊನೆಯ ಮಾತು*

ಇದನ್ನು ಓದಿ "ಇಂಥ ಕಂಪನಿಯ ಕ್ರೀಮು ವಿಷ" ಎಂದು ಹೆಸರು ಸೇರಿಸಿ ಯಾರಿಗೂ ಕಳಿಸಬೇಡಿ. ಪರೀಕ್ಷೆಯ ವರದಿ ಇಲ್ಲದೆ ಹೆಸರು ಹೇಳಿದರೆ ಅದೂ ನಕಲಿ ಸರಕೇ. ಸಂಶಯವಿದ್ದರೆ ಮೇಲಿನ ನಂಬರಿಗೆ ಹೇಳಿ.

ಮಾಡಬೇಕಾದ್ದು ಇಷ್ಟೇ: ಇವತ್ತು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು ಕಪಾಟಿನ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ವಿಳಾಸವಿಲ್ಲದವನ್ನು ಬೇರೆ ಇಡಿ. ಊರಿನಲ್ಲಿರುವ ಅಕ್ಕ ತಂಗಿಯರಿಗೂ ಫೋನ್ ಮಾಡಿ ಇದನ್ನೇ ಹೇಳಿ. ನಾವು ಕೇರಳದಿಂದ ಹೋಗುವಾಗ ಉಡುಗೊರೆ ಎಂದು ಒಯ್ದ ಕ್ರೀಮು ಅವರ ಮನೆಯಲ್ಲೂ ಇರಬಹುದು.

ಆರೋಗ್ಯವಾಗಿರಿ. ಉಪಯುಕ್ತ ಎನಿಸಿದರೆ ನಿಮ್ಮ ಕುಟುಂಬದ ಗುಂಪಿಗೆ ಕಳಿಸಿ. 🙏